ಗೋಡೆಗೆ ಆತುಕೊಂಡಿದ್ದ ಸೈಕಲ್ ಅಂಗಡಿ

ಆ ಓಣಿಯ ಕೊನೆಯಲ್ಲಿದ್ದ ಸೈಕಲ್ ರಿಪೇರಿ ಅಂಗಡಿಗೆ ಸ್ವಂತದ್ದು ಅಂತ ಇದ್ದದ್ದು ಮೂರೇ ಗೋಡೆ. ನಾಲ್ಕನೆಯದು ಹೆದ್ದಾರಿಯದು. "ಮೂರು ನಾನು ಕಟ್ಟಿದೆ, ಒಂದನ್ನ ಸರ್ಕಾರದವರೇ ಕಟ್ಟಿಕೊಟ್ಟರು" ಎಂದು ಅಂಗಡಿ ಹಾಕಿದ ಅಪ್ಪ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ. ಅಪ್ಪ ಕಾಲವಾದ ಮೇಲೆ ಅಂಗಡಿ ಕಿರಿಮಗಳ ಕೈಗೆ ಬಂತು. ಅಲ್ಲಿಂದ ಅವಳಿಗೆ ಇದ್ದ ಹೆಸರು ಹೋಗಿ ಸೈಕಲಕ್ಕ ಎಂಬ ಹೆಸರು ಉಳಿಯಿತು. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಿದ್ದರು.

ಕೆಲಸದಲ್ಲಿ ಅವಳದು ಪಳಗಿದ ಕೈ. ಬೆಂಡಾದ ಗಾಲಿಯನ್ನು ಕವೆಯಂಥ ಸ್ಟ್ಯಾಂಡಿಗೆ ಸಿಕ್ಕಿಸಿ, ಬೆರಳ ತುದಿಯಲ್ಲಿ ಒಂದು ಸುತ್ತು ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡಿದಳೆಂದರೆ ಯಾವ ಕಡ್ಡಿ ಬಿಗಿ, ಯಾವುದು ಸಡಿಲ ಎಂದು ತಿಳಿದುಬಿಡುತ್ತಿತ್ತು. ಮಾತು ಮಾತ್ರ ಅಳೆದು ತೂಗಿ. ಮದುವೆ ಯಾಕೆ ಆಗಲಿಲ್ಲ ಎಂದು ಕೆದಕಿದವರಿಗೆ "ಕೈಯಲ್ಲಿರೋ ಗ್ರೀಸ್ ಹೋಗಲಿ ಅಂತ ಕಾದೆ, ಅದು ಹೋಗಲೇ ಇಲ್ಲ" ಎಂದು ಹೇಳಿ ಪಂಪು ಎತ್ತಿಕೊಳ್ಳುತ್ತಿದ್ದಳು. ಅವಳು ಗಾಳಿ ಹೊಡೆಯಲು ನಿಂತ ಮೇಲೆ ಎರಡನೇ ಪ್ರಶ್ನೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಹಿಂದಿನ ಗೋಡೆಯ ಮೇಲೆ, ಅವಳ ತಲೆಯಿಂದ ಒಂದಾಳು ಎತ್ತರದಲ್ಲಿ, ದಿನವಿಡೀ ಲಾರಿಗಳು ಓಡುತ್ತಿದ್ದವು. ಮೊಳೆಗೆ ನೇತುಹಾಕಿದ, ನಟ್ಟು ಬಿಗಿಯುವ ಪಾನಾಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಹೊಸಬರು ತಲೆಯೆತ್ತಿ ನೋಡುತ್ತಿದ್ದರು. ಅವಳಿಗೆ ಅದು ಕೇಳಿಸುವುದು ಎಂದೋ ನಿಂತುಹೋಗಿತ್ತು.

ಅವಳು ಹುಟ್ಟಿದಾಗ ಆ ಗೋಡೆ ಇರಲಿಲ್ಲ. ಓಣಿ ಅಲ್ಲಿಗೆ ಮುಗಿಯುತ್ತಲೂ ಇರಲಿಲ್ಲ. ನೇರವಾಗಿ ಮುಂದಕ್ಕೆ ಹೋಗಿ ಶಾಲೆಯ ಗೇಟು ಮುಟ್ಟುತ್ತಿತ್ತು. ಅವಳಿಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳಾದ ಅಕ್ಕನನ್ನು ಅದೇ ಓಣಿಯಲ್ಲಿ, ಹದಿನೆಂಟು ಬಾಗಿಲು ಆಚೆಗಿನ ಮನೆಗೆ ಕೊಟ್ಟಿದ್ದರು. ಗಂಡನ ಮನೆಗೆ ಹೋದಳು ಅಂತ ಯಾರಿಗೂ ಅನಿಸಲೇ ಇಲ್ಲ. ಒಲೆಯ ಮೇಲೆ ಹಾಲಿಟ್ಟು ಅಮ್ಮನ ಹತ್ತಿರ ಒಂದು ಮಾತು ಹೇಳಿ, ಹಾಲು ಉಕ್ಕುವುದರೊಳಗೆ ವಾಪಸು ಓಡುತ್ತಿದ್ದಳು. ಒಂದೆರಡು ಸಲ ಹಾಲು ಉಕ್ಕಿದ್ದೂ ಉಂಟು, ಅತ್ತೆ ಗೊಣಗಿದ್ದೂ ಉಂಟು.

ತಂಗಿಗೆ ಹನ್ನೊಂದು ವರ್ಷವಾಗಿದ್ದಾಗ ಹೆದ್ದಾರಿ ಬಂತು. ಆ ಒಂದು ಓಣಿಯಲ್ಲೇ ಹನ್ನೊಂದು ಮನೆ ಕೆಡವಿದರು. ಮಣ್ಣು ಸುರಿದು ಏರಿ ಮಾಡಿ, ಎರಡೂ ಮಗ್ಗುಲಿಗೆ ಎರಡಾಳೆತ್ತರದ ಕಾಂಕ್ರೀಟು ಗೋಡೆ ಕಟ್ಟಿ, ಮೇಲೆ ರಸ್ತೆ ಹಾಸಿದರು. ದಾಟಬೇಕೆಂದರೆ ಗೋಡೆಗುಂಟ ಅರ್ಧ ಗಂಟೆ ನಡೆದು, ಅಂಡರ್‌ಪಾಸಿನಲ್ಲಿ ನುಸುಳಿ, ಆ ಬದಿಯಲ್ಲಿ ಮತ್ತೆ ಅಷ್ಟೇ ದೂರ ಹಿಂದಕ್ಕೆ ಬರಬೇಕು. ಅಕ್ಕ ಮೊದಮೊದಲು ವಾರಕ್ಕೊಮ್ಮೆ ಬಂದಳು. ಮಕ್ಕಳಾದ ಮೇಲೆ ತಿಂಗಳಿಗೊಮ್ಮೆ. ಆಮೇಲೆ ಏನಾದರೂ ಕಾರಣ ಇದ್ದರೆ.

ತಂಗಿಗೆ ಹದಿನೇಳು ತುಂಬಿದ ವರ್ಷ, ಮಳೆಯ ಒಂದು ಬೆಳಿಗ್ಗೆ, ಅಮ್ಮ ಅಡುಗೆಮನೆಯಲ್ಲಿ ಕುಸಿದು ಬಿದ್ದಳು. ಅಪ್ಪ ಡಾಕ್ಟರನ್ನು ಕರೆಯಲು ಓಡಿದ. ಅಮ್ಮ ಕೇಳಿದ್ದು ಹಿರಿಮಗಳನ್ನು. ತಂಗಿ ಅಪ್ಪನ ಸೈಕಲ್ ಹತ್ತಿದಳು. ಅಂಡರ್‌ಪಾಸಿನಲ್ಲಿ ಮೊಣಕಾಲುದ್ದ ನೀರು. ತಳ್ಳಿಕೊಂಡು ದಾಟಿ ಹತ್ತುವಷ್ಟರಲ್ಲಿ ಚೈನು ಕಳಚಿತು. ಸೈಕಲ್ ಅಂಗಡಿಯವನ ಮಗಳಾದರೂ ಚೈನು ಕೂರಿಸುವುದನ್ನು ಅವಳು ಕಲಿತಿರಲಿಲ್ಲ. ಒದ್ದೆ ಕೈಯಲ್ಲಿ ಹೆಣಗಾಡಿ ಕೂರಿಸಿದಳು. ಎರಡು ತಿರುವು ದಾಟುವಷ್ಟರಲ್ಲಿ ಮತ್ತೆ ಕಳಚಿತು. ಕೊನೆಗೆ ಸೈಕಲನ್ನು ಯಾರದೋ ಕಾಂಪೌಂಡಿಗೆ ಒರಗಿಸಿ ಓಡಿದಳು. ಅಕ್ಕ ತಂಗಿ ಇಬ್ಬರೂ ಮನೆ ಮುಟ್ಟಿದಾಗ ಅಮ್ಮನ ಕಣ್ಣು ಮುಚ್ಚಿ ಮುಕ್ಕಾಲು ಗಂಟೆಯಾಗಿತ್ತು.

ಅಕ್ಕ ಆವತ್ತು ಅಂದದ್ದು ಒಂದೇ ಮಾತು: "ಇಷ್ಟು ಹೊತ್ತು ಏನು ಮಾಡ್ತಿದ್ದೆ?" ತಂಗಿ ಮರುವಾರವೇ ಅಪ್ಪನ ಪಕ್ಕ ಕೂತು ಕೆಲಸ ಕಲಿಯತೊಡಗಿದಳು. ಅಕ್ಕನಿಗೆ ಆ ಪ್ರಶ್ನೆ ಕೇಳಿದ್ದು ನೆನಪಿತ್ತೋ ಇಲ್ಲವೋ. ಇವಳಿಗಂತೂ ನಲವತ್ತೆರಡು ವರ್ಷವಾದರೂ ಅದು ಮುಳ್ಳಿನ ಹಾಗೆ ಒಳಗೇ ಇತ್ತು. ಜಗಳ ಆಡಿದ್ದರೆ ರಾಜಿಯಾದರೂ ಆಗಬಹುದಿತ್ತು. ಇವರು ಜಗಳವನ್ನೇ ಆಡಲಿಲ್ಲ. ದೂರ ಅಂತ ಹೇಳಿಕೊಂಡು ಸುಮ್ಮನಿದ್ದುಬಿಟ್ಟರು.

ಅವಳಿಗೆ ಐವತ್ತೊಂಬತ್ತಾಗಿದ್ದಾಗ ಹೆದ್ದಾರಿಯನ್ನು ಇಳಿಸುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಊರ ಹೊರಗೆ ಹೊಸ ರಸ್ತೆಯಾಗಿ ಲಾರಿಗಳೆಲ್ಲ ಆ ಕಡೆ ತಿರುಗಿದ್ದವು. ಗೋಡೆಗಳು ಬಿರುಕು ಬಿಟ್ಟಿದ್ದವು. ರಿಪೇರಿ ಮಾಡುವ ಬದಲು ಏರಿಯನ್ನೇ ತೆಗೆದು, ನೆಲದ ಮಟ್ಟದಲ್ಲಿ ಮರಗಳಿರುವ ಸಾಧಾರಣ ಬೀದಿ ಮಾಡುವುದು ಎಂದು ತೀರ್ಮಾನವಾಗಿತ್ತಂತೆ. ಜನ ನಂಬಲಿಲ್ಲ. ಸಭೆಗೆ ಬನ್ನಿ ಎಂದು ಮನೆಮನೆಗೆ ಚೀಟಿ ಬಂದಾಗ, ಏನು ಹೇಳ್ತಾರೋ ಕೇಳಿ ಬರೋಣ ಎಂದು ಹೋದವರೇ ಹೆಚ್ಚು. ಸೈಕಲಕ್ಕನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು.

ಮುಂದೆ ನಿಂತು ಮಾತಾಡಿದವಳು ಮೂವತ್ತರ ಆಸುಪಾಸಿನ ಎಂಜಿನಿಯರ್ ಹುಡುಗಿ. ಗೋಡೆಗೆ ದೊಡ್ಡ ನಕ್ಷೆ ಅಂಟಿಸಿ, ಹೊಸ ಬೀದಿಯನ್ನು ದಾಟಲು ಮೂರು ಅಡ್ಡದಾರಿ ಬರುತ್ತವೆ ಎಂದು ಕೋಲಿನಿಂದ ತೋರಿಸಿದಳು. ಸೈಕಲಕ್ಕನ ಓಣಿ ಆ ಮೂರರಲ್ಲಿ ಇರಲಿಲ್ಲ. ಅವಳು ಎದ್ದು ನಿಂತಳು. ಎದ್ದ ಮೇಲೆ, ಅಯ್ಯೋ ಯಾಕಾದರೂ ಎದ್ದೆನೋ ಅನಿಸಿತು. ಆದರೆ ಆಗಲೇ ಎಲ್ಲರೂ ತಿರುಗಿ ನೋಡುತ್ತಿದ್ದರು.

"ನಮ್ಮ ಓಣಿ ಯಾಕಿಲ್ಲ?"

"ಮುಂಚೆ ಆಚೆಗೂ ಹೋಗ್ತಿದ್ದ ಓಣಿಗಳನ್ನ ಮಾತ್ರ ಮತ್ತೆ ತೆರೆಯೋಕೆ ನಮಗೆ ಅಧಿಕಾರ ಇದೆ ಅಮ್ಮ. ನಿಮ್ಮದು ನಕ್ಷೆಯಲ್ಲಿ ಇಲ್ಲಿಗೇ ಮುಗಿಯತ್ತೆ."

"ನಕ್ಷೆ ಯಾವಾಗಿನದು?"

"ಹೆದ್ದಾರಿ ಆದಮೇಲಿನದು. ಅದಕ್ಕೂ ಹಿಂದಿನ ಹಾಳೆ ಸಿಕ್ಕಿಲ್ಲ."

"ಕೈ ಕತ್ತರಿಸಿ ಆದಮೇಲೆ ಫೋಟೋ ತೆಗೆದು, ಇವರಿಗೆ ಹುಟ್ಟಿದಾಗಿನಿಂದ ಒಂದೇ ಕೈ ಅಂದ ಹಾಗಾಯ್ತಲ್ಲ ಇದು" ಎಂದಳು ಸೈಕಲಕ್ಕ.

ಸಭೆಯಲ್ಲಿ ನಗು ಎದ್ದಿತು. ಎಂಜಿನಿಯರ್ ಹುಡುಗಿಯೂ ನಕ್ಕಳು, ನಕ್ಕು ಸುಮ್ಮನಾಗಲಿಲ್ಲ. ಸಭೆ ಮುಗಿದ ಮೇಲೆ ತಾನೇ ಹುಡುಕಿಕೊಂಡು ಬಂದಳು. "ನೀವು ಹೇಳಿದ್ದು ಸರಿ. ಆದರೆ ನನಗೆ ಕಾಗದ ಬೇಕು. ನೆಲದ ಮೇಲೆ ಹಳೇ ಓಣಿಯ ಗುರುತು ಏನಾದ್ರೂ ಇದ್ರೆ ತೋರಿಸಿ. ಜೊತೆಗೆ ಈ ಕಡೆಯವರು ಒಬ್ಬರು, ಆ ಕಡೆಯವರು ಒಬ್ಬರು, ಆಗ ಇಲ್ಲೇ ವಾಸ ಇದ್ದವರು, ಹೌದು ಓಣಿ ಇತ್ತು ಅಂತ ಬರೆದು ಸಹಿ ಹಾಕಬೇಕು. ಆ ಕಡೆ ನಿಮಗೆ ಯಾರಾದ್ರೂ ಗೊತ್ತಾ?"

"ಗೊತ್ತು" ಎಂದಳು ಸೈಕಲಕ್ಕ. ಯಾರು ಎಂದು ಹೇಳಲಿಲ್ಲ.

ಮರುದಿನ ಅಂಗಡಿ ತೆರೆಯುವ ಮೊದಲು ಓಣಿ ಅಳೆಯಲೆಂದು ಒಂದು ಗಾಲಿಯ ಕಡ್ಡಿಗೆ ಕೆಂಪು ಬಟ್ಟೆಯ ಚೂರು ಕಟ್ಟಿ, ತನ್ನ ಮನೆಯ ಹೊಸ್ತಿಲಿನಿಂದ ಅಂಗಡಿಯ ಬಾಗಿಲವರೆಗೆ ಉರುಳಿಸುತ್ತ ಹೋದಳು. ಬಟ್ಟೆ ಮೂವತ್ತೊಂದು ಸಲ ಕೆಳಗೆ ಬಂತು, ಅಂದರೆ ಮೂವತ್ತೊಂದು ಸುತ್ತಿನ ದೂರ. ಹೋಗುತ್ತ ಹಳೆಯ ಚರಂಡಿಯ ಅಂಚುಕಲ್ಲುಗಳನ್ನು ನೋಡಿದಳು. ಅವು ಗೆರೆ ಎಳೆದಂತೆ ನೇರವಾಗಿ ಬಂದು ಅಂಗಡಿಯ ಷಟರಿನ ಕೆಳಗೆ ನುಗ್ಗಿದ್ದವು. ಒಳಗೆ ಹೋಗಿ, ಸ್ಟೂಲಿನ ಪಕ್ಕದ ಚಪ್ಪಡಿಯನ್ನು ಪಾನಾದಿಂದ ಕುಟ್ಟಿದಳು. ಟೊಳ್ಳು ಸದ್ದು ಬಂತು. ಓಣಿಯ ಗುರುತು ಅವಳ ಕಾಲಡಿಯಲ್ಲೇ ಇತ್ತು. ಅಂಗಡಿ ಇದ್ದದ್ದು ಓಣಿಯ ಪಕ್ಕದಲ್ಲಲ್ಲ, ಸರಿಯಾಗಿ ನಡುಮಧ್ಯದಲ್ಲಿ. ಓಣಿ ಮತ್ತೆ ಹರಿಯಬೇಕಾದರೆ ಅಂಗಡಿ ಉಳಿಯುವಂತಿರಲಿಲ್ಲ.

ಸ್ಟೂಲಿನ ಮೇಲೆ ಕೂತಳು. ಆವತ್ತಿನ ಮೊದಲ ಗಿರಾಕಿ ಬಂದು ಎರಡು ಸಲ ಕೆಮ್ಮಿದ ಮೇಲೆಯೇ ಎದ್ದದ್ದು. ಈ ವಿಷಯ ಯಾರಿಗೂ ಹೇಳಲಿಲ್ಲ. ಸಭೆಯಲ್ಲಿ ಆಡಿದ ಮಾತನ್ನು ನುಂಗಿಕೊಂಡರೂ ಯಾರೂ ಕೇಳುವವರಿರಲಿಲ್ಲ. ಓಣಿಯ ಅರ್ಧ ಜನ ಗೋಡೆ ಬಂದ ಮೇಲೆ ಬಂದವರು, ಆಚೆ ಏನಿತ್ತು ಎಂದೇ ಅರಿಯದವರು. ಎರಡು ದಿನ ಅದನ್ನೇ ಮೆಲುಕು ಹಾಕಿದಳು. ಮೂರನೇ ದಿನ ಅಂಗಡಿ ಮುಚ್ಚಿ ಅಕ್ಕನ ಮನೆಗೆ ಸೈಕಲ್ ಹೊಡೆದಳು.

ಅಕ್ಕನಿಗೆ ಆಗ ಎಪ್ಪತ್ತೊಂದು. ಗಂಡ ತೀರಿಕೊಂಡು, ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಹೋಗಿ, ಕೆಳಗಿನ ಎರಡು ಕೋಣೆಯಲ್ಲಿ ಒಬ್ಬಳೇ ಇದ್ದಳು. ಗೋಡೆಯ ಕಡೆಗಿದ್ದ ಕಿಟಕಿಯನ್ನು ಧೂಳು ತಾಳಲಾರದೆ ಇಟ್ಟಿಗೆ ಇಟ್ಟು ಮುಚ್ಚಿಸಿದ್ದರು. ಹಾಗಾಗಿ ಹಗಲಲ್ಲೂ ದೀಪ.

"ಏನು, ದಾರಿ ತಪ್ಪಿ ಬಂದೆಯಾ?" ಎಂದಳು ಅಕ್ಕ ಬಾಗಿಲು ತೆಗೆದು.

"ದಾರಿ ವಿಷಯಕ್ಕೇ ಬಂದಿದ್ದು."

ಚಹಾ ಆಯಿತು. ತಂಗಿ ವಿಷಯ ಹೇಳಿ, ತಾನು ಆಗಲೇ ಸಹಿ ಹಾಕಿದ್ದ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಅಕ್ಕ ಕನ್ನಡಕ ಹಾಕಿಕೊಂಡು ಓದಿದಳು, ಮತ್ತೊಮ್ಮೆ ಓದಿದಳು. ಆಮೇಲೆ ಕಾಗದವನ್ನು ಬದಿಗೆ ಸರಿಸಿ, ಬೆರಳು ಮಡಚುತ್ತ ಓಣಿಯ ಮನೆಗಳನ್ನು ಹೇಳತೊಡಗಿದಳು. ಬುಕ್ ಬೈಂಡರ್ ಮನೆ, ಆಮೇಲೆ ಜೋಡಿ ಬಾಗಿಲಿನ ಮನೆ, ಆಮೇಲೆ ಸದಾ ಕೆಮ್ಮುತ್ತಿದ್ದ ಮೇಷ್ಟ್ರ ಮನೆ, ನಲ್ಲಿಕಟ್ಟೆ, ಅದರ ಎದುರಿಗೆ ಬೆಕ್ಕಿನಜ್ಜಿ. ಕೆಡವಿದ ಹನ್ನೊಂದು ಮನೆಗಳಲ್ಲಿ ಒಂದನ್ನೂ ಅವಳು ಬಿಡಲಿಲ್ಲ. ತಂಗಿಗೆ ಅದರಲ್ಲಿ ಆರೇ ನೆನಪಿದ್ದದ್ದು. ಹನ್ನೊಂದನೆಯದು ಮುಗಿಸಿ ಅಕ್ಕ ತಲೆಯೆತ್ತಿದಳು.

"ಹಾಗಾದ್ರೆ ಓಣಿ ನಿನ್ನ ಅಂಗಡಿ ಮೇಲೇ ಬರತ್ತಲ್ಲೇ."

ತಂಗಿ ಕಪ್ಪಿನ ತಳ ನೋಡಿದಳು. "ಬರತ್ತೆ."

"ಅವರಿಗೆ ಹೇಳಿದೀಯಾ?"

"ನಕ್ಷೆ ಮಾಡೋವಾಗ ಅವರಿಗೇ ಗೊತ್ತಾಗತ್ತೆ."

"ಪಕ್ಕದಲ್ಲಿ ಎಲ್ಲಾದ್ರೂ ತಿರುಗಿಸ್ಕೊಂಡು ಹೋಗೋಕಾಗಲ್ವಾ?"

"ಎರಡೂ ಕಡೆ ನಾಲ್ಕು ಅಂತಸ್ತಿನ ಮನೆ ಎದ್ದಿವೆ. ಓಣಿ ಅಂದ್ರೆ ಅದೊಂದೇ ಜಾಗ."

ಅಕ್ಕ ಕನ್ನಡಕ ತೆಗೆದಿಟ್ಟಳು. "ನಾನು ಸಹಿ ಹಾಕಲ್ಲ."

"ಅಕ್ಕಾ."

"ಅಪ್ಪ ಕಟ್ಟಿದ್ದು ಅದು. ನಿನಗೆ ಬೇರೆ ಏನಿದೆ? ಗಂಡನಾ, ಮಕ್ಕಳಾ? ನಾಳೆ ಅದನ್ನ ಕೆಡವಿದ ಮೇಲೆ, ಸಹಿ ಹಾಕಿದವಳು ನೀನೇ ಅಲ್ವಾ ಅಂತ ಮನಸ್ಸಲ್ಲೇ ಇಟ್ಕೊಂಡು ಇನ್ನೊಂದು ನಲವತ್ತು ವರ್ಷ ಮಾತು ಬಿಡ್ತೀಯಾ. ಅಷ್ಟು ವರ್ಷ ನನ್ನ ಹತ್ರ ಇಲ್ಲ."

ಇಷ್ಟು ದಿನ ಮಾತು ಬಿಟ್ಟವಳು ಅಕ್ಕ ಎಂದೇ ತಂಗಿ ತಿಳಿದಿದ್ದಳು. ತನ್ನ ಮೇಲೂ ಆ ತಪ್ಪು ಇದೆ ಎಂದು ಯಾರೋ ಲೆಕ್ಕ ಇಟ್ಟಿದ್ದಾರೆ ಎಂಬುದು ಅವಳಿಗೆ ಹೊಸದು. "ಯೋಚನೆ ಮಾಡು" ಎಂದಷ್ಟೇ ಹೇಳಿ, ಕಾಗದವನ್ನು ಅಲ್ಲೇ ಬಿಟ್ಟು ಹೊರಟಳು. ಬಾಗಿಲವರೆಗೆ ಬಂದ ಅಕ್ಕ, ಅವಳ ಕಡೆ ನೋಡದೆ, ಗೋಡೆಯ ಕಡೆ ನೋಡುತ್ತ ಹೇಳಿದಳು:

"ಅಮ್ಮ ಹೋದ ದಿನ ಬೆಳಿಗ್ಗೆ ನಾನು ಇಲ್ಲೇ ಹೊರಗೆ ಕೊಡೆ ಹಿಡ್ಕೊಂಡು ನಿಂತಿದ್ದೆ, ಮಳೆ ಯಾವಾಗ ನಿಲ್ಲತ್ತೆ ಅಂತ ನೋಡ್ತಾ. ಸುಮ್ಮನೆ ನಿಂತಿದ್ದೆ ಕಣೇ. ಏನೂ ಕೆಲಸ ಇರಲಿಲ್ಲ."

ಹತ್ತು ದಿನ ಏನೂ ಸುದ್ದಿಯಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಸೈಕಲಕ್ಕ ಒಂದು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತಿದ್ದಾಗ, ಷಟರಿನ ಬಾಯಲ್ಲಿ ನೆರಳು ಬಿತ್ತು. ಅಕ್ಕ. ಕಾಲಲ್ಲಿ ಕ್ಯಾನ್‌ವಾಸ್ ಬೂಟು, ಕೈಯಲ್ಲಿ ನೀರಿನ ಬಾಟಲಿ, ಮುಖವೆಲ್ಲ ಬೆವರು. ಆರು ವರ್ಷದ ಮೇಲೆ ಬಂದದ್ದು, ಅದೂ ನಡೆದುಕೊಂಡು.

"ಒಂದೂವರೆ ಗಂಟೆ ಹಿಡೀತು. ಆ ಅಂಡರ್‌ಪಾಸಿನಲ್ಲಿ ಒಂದು ದೀಪಾನೂ ಇಲ್ಲ" ಎಂದು ಬೈಯುತ್ತ ಒಳಗೆ ಬಂದು ಸ್ಟೂಲು ಎಳೆದುಕೊಂಡಳು. "ನೀನು ಕೆಲಸ ಮಾಡು. ನಾನು ನೋಡೋಕೆ ಬಂದಿದ್ದು."

ಸೈಕಲಕ್ಕ ಕೆಲಸ ಮಾಡಿದಳು. ಅಕ್ಕ ನೋಡಿದಳು. ಆಸ್ಪತ್ರೆಯ ನರ್ಸ್ ಒಬ್ಬಳು ಡ್ಯೂಟಿಗೆ ಹೊತ್ತಾಯಿತು ಎಂದು ಓಡಿಬಂದಾಗ ಹತ್ತು ನಿಮಿಷದಲ್ಲಿ ಪಂಕ್ಚರ್ ಹಾಕಿ ಕಳಿಸಿದ್ದನ್ನು ನೋಡಿದಳು. ಬ್ರೆಡ್ ಮಾರುವವನ ಕ್ಯಾರಿಯರ್ ಬಿಗಿ ಮಾಡುತ್ತ ತಂಗಿ ಅವನ ಹೆಂಡತಿಯ ಬೆನ್ನುನೋವು ಹೇಗಿದೆ ಎಂದು ಕೇಳಿದ್ದನ್ನು ಕೇಳಿಸಿಕೊಂಡಳು. ಇವಳು ಇಷ್ಟು ಮಾತಾಡುತ್ತಾಳಾ ಎಂದು ಅವಳಿಗೆ ಆಶ್ಚರ್ಯವಾಗಿರಬೇಕು. ಮಧ್ಯಾಹ್ನ ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡಿದರು.

ಊಟ ಆದ ಮೇಲೆ ಅಕ್ಕ ತಟ್ಟನೆ ಕೇಳಿದಳು: "ಚೈನು ಕಳಚಿದ್ರೆ ಹೇಗೆ ಹಾಕ್ತಾರೆ?"

ತಂಗಿ ಅವಳ ಮುಖ ನೋಡಿದಳು. ಆವತ್ತು ಚೈನು ಕಳಚಿದ್ದನ್ನು ಅವಳು ಅಪ್ಪನಿಗೊಬ್ಬನಿಗೇ ಹೇಳಿದ್ದು. ಅಪ್ಪ ಯಾವಾಗಲೋ ಹಿರಿಮಗಳಿಗೂ ಹೇಳಿರಬೇಕು. ತಂಗಿ ಒಂದು ಸೈಕಲನ್ನು ಸ್ಟ್ಯಾಂಡ್ ಹಾಕಿ, ಚೈನನ್ನು ಬೇಕೆಂದೇ ಕಳಚಿದಳು. ಆಮೇಲೆ ಹಿಂದಿನ ಹಲ್ಲುಚಕ್ರಕ್ಕೆ ಅದನ್ನು ಕೂರಿಸಿ, ಮುಂದಿನದರ ಕೆಳಹಲ್ಲಿಗೆ ಸಿಕ್ಕಿಸಿ, ಪೆಡಲನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದಳು. ಟಕ್ ಎಂದು ಕೂತಿತು.

"ಇಷ್ಟೇನಾ?"

"ಇಷ್ಟೇ. ಆವತ್ತು ನನಗೆ ಗೊತ್ತಿರಲಿಲ್ಲ."

ಅಕ್ಕ ಪೆಡಲನ್ನು ತಾನೇ ಒಂದು ಸುತ್ತು ತಿರುಗಿಸಿದಳು. "ಆವತ್ತು ನಾನು ಹಾಗೆ ಕೇಳಬಾರದಿತ್ತು" ಎಂದಳು. "ಕೇಳಿದ ಕೂಡ್ಲೇ ಗೊತ್ತಾಯ್ತು ಕೇಳಬಾರದಿತ್ತು ಅಂತ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂದ್ಕೊಂಡೆ. ನಮ್ಮಿಬ್ಬರ ಮಧ್ಯೆ ಹಾಲು ಉಕ್ಕೋವಷ್ಟು ದೂರ ಇದ್ದಿದ್ರೆ ಆವತ್ತೇ ಬಂದು ಹೇಳ್ತಿದ್ದೆ. ಗಂಟೆಗಟ್ಟಲೆ ನಡೆದು ಬಂದು ಹೇಳೋಷ್ಟು ದೊಡ್ಡ ಮಾತಲ್ಲ ಅನ್ನಿಸ್ತಿತ್ತು. ಹಾಗೇ ಹೋಯ್ತು."

"ನಾನೂ ಬಂದು ಕೇಳಬಹುದಿತ್ತು" ಎಂದಳು ತಂಗಿ. "ನನ್ನ ಹತ್ರ ಸೈಕಲ್ ಬೇರೆ ಇತ್ತು."

ಅಕ್ಕನಿಗೆ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡು, "ಅಂಗಡಿ ಹೋದ್ರೆ ಎಲ್ಲಿ ಕೂರ್ತೀಯಾ?" ಎಂದಳು.

"ಮನೆಯ ಮುಂದಿನ ಕೋಣೆಯಲ್ಲಿ. ಮಂಚ ಒಳಗೆ ಹಾಕಿದ್ರೆ ಆರು ಸೈಕಲ್ ನಿಲ್ಲತ್ತೆ. ಅಳತೆ ತಗೊಂಡಿದೀನಿ."

"ಮನೆಯೆಲ್ಲ ಗ್ರೀಸ್ ವಾಸನೆ."

"ಈಗೇನು ಕಡಿಮೆ ಇದೆಯಾ?"

ಅಕ್ಕ ಚೀಲದಿಂದ ಕಾಗದ ತೆಗೆದು, ಮಡಿಕೆ ಬಿಡಿಸಿ, ಸೈಕಲ್ ಸೀಟಿನ ಮೇಲಿಟ್ಟು ಸಹಿ ಹಾಕಿದಳು. ಸಹಿಯ ಕೆಳಗೆ, ಯಾರೂ ಕೇಳದಿದ್ದರೂ, ಆ ಹನ್ನೊಂದು ಮನೆಗಳನ್ನೂ ಸಾಲಾಗಿ ಬರೆದಳು. ಅದಕ್ಕೆ ಮತ್ತೆ ಅರ್ಧ ಗಂಟೆ ಹಿಡಿಯಿತು.

ಎಂಜಿನಿಯರ್ ಹುಡುಗಿ ಬಂದು ಚಪ್ಪಡಿ ಎತ್ತಿಸಿ ಚರಂಡಿ ನೋಡಿದಳು. ಅಂಗಡಿಯ ವಿಷಯ ತಿಳಿದಾಗ, "ಮೊದಲೇ ಹೇಳಬಹುದಿತ್ತಲ್ಲಮ್ಮ" ಎಂದು ಪೇಚಾಡಿದಳು. ಹೇಳಿದ್ದರೆ ನೀನು ಹಿಂಜರಿಯುತ್ತಿದ್ದೆ ಎಂದು ಸೈಕಲಕ್ಕ ಮನಸ್ಸಲ್ಲೇ ಅಂದುಕೊಂಡಳು. ಎಂಟು ತಿಂಗಳ ಮೇಲೆ ಒಪ್ಪಿಗೆ ಸಿಕ್ಕಿತು. ಅಂಗಡಿ ಕೆಡವುವ ದಿನ ಅವಳು ಅಲ್ಲಿರಲಿಲ್ಲ. ಮುಂಗೋಣೆಯಲ್ಲಿ ಗಾಲಿಯ ಬೆಂಡ್ ತೆಗೆಯುತ್ತ ಕೂತಿದ್ದಳು. ಸದ್ದು ಕೇಳಿಸುತ್ತಿತ್ತು. ಆವತ್ತು ಆ ಗಾಲಿಯನ್ನು ಮೂರು ಸಲ ಬಿಚ್ಚಿ ಕಟ್ಟಬೇಕಾಯಿತು.

ಏರಿ ತೆಗೆಯಲು ಮೂರು ವರ್ಷ ಹಿಡಿಯಿತು. ಧೂಳು ತಿಂದು ತಿಂದು ಓಣಿಯ ಜನಕ್ಕೆ ಇದೆಲ್ಲ ಯಾಕೆ ಬೇಕಿತ್ತೋ ಅನಿಸಿತು. ಕೆಲವರು ಸೈಕಲಕ್ಕನ ಮುಖಕ್ಕೇ ಹೇಳಿದರು. ಕೆಲಸ ಮುಗಿದಾಗ ಬೀದಿ ಚೆನ್ನಾಗಿಯೇ ಆಗಿತ್ತು. ಬಸ್ಸು, ಕಾರು ನಿಧಾನಕ್ಕೆ ಓಡಾಡುತ್ತಿದ್ದವು. ಓಣಿಗೆ ಎದುರಾಗಿ ದಾಟಲು ಬಿಳಿ ಪಟ್ಟೆ, ಒಂದು ಸಿಗ್ನಲ್. ಆದರೆ ಬೀದಿ ಚೆನ್ನಾದ ಮೇಲೆ ಬಾಡಿಗೆ ಏರಿತು. ಬ್ರೆಡ್ ಮಾರುವವನ ಸಂಸಾರ ಊರಿನ ಆಚೆ ತುದಿಗೆ ಮನೆ ಮಾಡಿತು. ಹೋಗುವ ಮೊದಲು ಅವನು ಕೊನೆಯ ಸಲ ಬ್ರೇಕಿಗೆ ಹೊಸ ರಬ್ಬರ್ ಹಾಕಿಸಿಕೊಳ್ಳಲು ಬಂದಿದ್ದ. ಸೈಕಲಕ್ಕನಿಗೆ ಅವನ ಮುಖ ನೋಡುವುದು ಕಷ್ಟವಾಯಿತು. ಕೆಡವಿದ ಹನ್ನೊಂದು ಮನೆಯವರಲ್ಲಿ ಒಬ್ಬರೂ ವಾಪಸು ಬರಲಿಲ್ಲ. ಅವರಲ್ಲಿ ಬದುಕಿದ್ದವರೇ ಎಷ್ಟು ಜನವೋ.

ಇನ್ನು ಅಕ್ಕ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಬಂದು ಕೂರುವಳು. ಬಾಗಿಲ ಹಿಡಿಯ ಮೇಲಿನ ಗ್ರೀಸು ಒರೆಸುವಳು. ಪಾನಾಗಳನ್ನು ಅಳತೆ ಪ್ರಕಾರ ಜೋಡಿಸಿಟ್ಟು, ತಂಗಿಗೆ ಬೇಕಾದದ್ದು ಕೈಗೆ ಸಿಗದಂತೆ ಮಾಡುವಳು. ಗಿರಾಕಿಗಳಿಗೆ ಬುದ್ಧಿ ಹೇಳುವಳು. ದೂರವಿದ್ದ ಅಕ್ಕನ ಮೇಲೆ ಇಟ್ಟುಕೊಂಡಿದ್ದ ಮುನಿಸು ಕರಗಿತು, ನಿಜ. ಹತ್ತಿರದ ಅಕ್ಕ ಮಾತ್ರ ಒಮ್ಮೊಮ್ಮೆ ತಲೆ ತಿನ್ನುತ್ತಿದ್ದಳು. ವಾರಕ್ಕೊಂದು ಜಗಳವಾಗುತ್ತಿತ್ತು. "ನಾಳೆಯಿಂದ ಬರಲ್ಲ" ಎಂದು ಅಕ್ಕ ಎದ್ದು ಹೋಗುತ್ತಿದ್ದಳು. ಮರುದಿನ ಒಂಬತ್ತಕ್ಕೆ ಬರುತ್ತಿದ್ದಳು.

ಎಪ್ಪತ್ತಾರಕ್ಕೆ ಅಕ್ಕನ ಮಂಡಿ ಕೈಕೊಟ್ಟಿತು. ಸಿಗ್ನಲ್ ಹಸಿರಾಗಿ ಕೆಂಪಾಗುವಷ್ಟರಲ್ಲಿ ದಾಟಲಾಗುತ್ತಿರಲಿಲ್ಲ. ಸೈಕಲಕ್ಕ ಎರಡು ಹಳೆಯ ಸೈಕಲ್ ಬಿಚ್ಚಿ, ವೆಲ್ಡಿಂಗಿನವನಿಂದ ಕೂಡಿಸಿ, ಹಿಂದೆ ಎರಡು ಗಾಲಿ, ಅಗಲವಾದ ಸೀಟು, ಮುಂದೆ ಬುಟ್ಟಿ ಇರುವ ಒಂದು ಮೂರು ಗಾಲಿಯ ಸೈಕಲ್ ಮಾಡಿಕೊಟ್ಟಳು. "ಈ ವಯಸ್ಸಲ್ಲಿ ನನ್ನನ್ನ ಮೆರವಣಿಗೆ ಮಾಡಿಸ್ತೀಯಾ?" ಎಂದು ಅಕ್ಕ ಅದನ್ನು ಮುಟ್ಟಲಿಲ್ಲ. ಎರಡು ತಿಂಗಳು ಅದು ಅವಳ ಬಾಗಿಲ ಮುಂದೆ ಧೂಳು ತಿಂದಿತು. ತಂಗಿಯೇ ದಿನಾ ದಾಟಿ ಹೋಗಿ ಬರುತ್ತಿದ್ದಳು.

ಒಂದು ದಿನ ಬೆಳಿಗ್ಗೆ ಅವಳು ಮುಂಗೋಣೆಯಲ್ಲಿ ಟಯರ್ ಬಿಚ್ಚುತ್ತಿದ್ದಾಗ ಹೊರಗೆ ಬಿಡದೆ ಗಂಟೆ ಬಾರಿಸುವ ಸದ್ದು ಕೇಳಿಸಿತು. ಎದ್ದು ಬಂದು ನೋಡಿದರೆ ಬಿಳಿ ಪಟ್ಟೆಯ ನಡುವೆ ಮೂರು ಗಾಲಿಯ ಸೈಕಲ್. ದಾಟುವವರ ಸಿಗ್ನಲ್ ಕೆಂಪಾಗಿತ್ತು, ಆದರೂ ಎರಡೂ ಕಡೆಯ ಬಸ್ಸುಗಳು ನಿಂತೇ ಇದ್ದವು. ಅಕ್ಕ ಯಾರ ಕಡೆಯೂ ನೋಡದೆ, ತುಟಿ ಬಿಗಿಹಿಡಿದು, ಪೆಡಲು ತುಳಿಯುತ್ತ ಓಣಿಯೊಳಗೆ ಬಂದು ಬಾಗಿಲ ಮುಂದೆ ನಿಲ್ಲಿಸಿದಳು. ಉಸಿರು ಸುಧಾರಿಸಿಕೊಳ್ಳಲು ಒಂದು ನಿಮಿಷ ಬೇಕಾಯಿತು.

"ಬ್ರೇಕು ನೋಡು ಸ್ವಲ್ಪ" ಎಂದಳು. "ಎಡಕ್ಕೆ ಎಳೀತಿದೆ."

ಸೈಕಲಕ್ಕ ಪಾನಾ ತರಲು ಒಳಗೆ ಹೋದಳು.